ಬೈಟು ಹರಿಯುವ ದಿಕ್ಕು, ಹಣ ಹರಿಯುವ ದಿಕ್ಕು

ಪ್ರಶ್ನೆ: ಮಲೆನಾಡಿನ ಒಂದು ಜಿಲ್ಲೆಯಲ್ಲಿ ನಾವು ಬ್ರಾಡ್‌ಬ್ಯಾಂಡ್ ಸೇವೆ ನಡೆಸುತ್ತಿದ್ದೇವೆ. ಸಂಜೆಯ ಹೊತ್ತಿನಲ್ಲಿ ನಮ್ಮ ಜಾಲಕ್ಕೆ ಸೆಕೆಂಡಿಗೆ ಸುಮಾರು 20 ಗಿಗಾಬಿಟ್ ಟ್ರಾಫಿಕ್ ಒಳಬರುತ್ತದೆ. ಹೊರಹೋಗುವುದು 2 ಗಿಗಾಬಿಟ್ಟನ್ನೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಒಂದು ದೊಡ್ಡ ಜಾಲದವರನ್ನು ನೇರ ಪೀರಿಂಗ್ ಕೇಳಿದೆವು. ಎರಡೂ ಕಡೆಯ ಟ್ರಾಫಿಕ್ 2:1ರ ಅನುಪಾತವನ್ನು ಮೀರಬಾರದೆಂಬುದು ತಮ್ಮ ನಿಯಮ, ಆದ್ದರಿಂದ ಬೇಕಿದ್ದರೆ ತಿಂಗಳಿಗೆ ಇಷ್ಟೆಂದು ಹಣ ಕೊಡಿ ಎಂಬ ಉತ್ತರ ಬಂದಿತು. ಅದೇ ಸಮಯದಲ್ಲಿ ದೊಡ್ಡ ಟೆಲಿಕಾಂ ಕಂಪನಿಗಳು ‘ಹೆಚ್ಚು ಟ್ರಾಫಿಕ್ ಕಳಿಸುವ ವಿಡಿಯೊ ಕಂಪನಿಗಳು ನಮಗೆ ಹಣ ಕೊಡಬೇಕು’ ಎಂದು ವಾದಿಸುತ್ತಿವೆ. ಒಂದು ಕಡೆ ಪಡೆಯುವವನು ಕೊಡಬೇಕು, ಇನ್ನೊಂದು ಕಡೆ ಕಳಿಸುವವನು ಕೊಡಬೇಕು. ಇವೆರಡೂ ಹೇಗೆ ಸರಿಯಾಗುತ್ತವೆ?

ಉತ್ತರ: ಟ್ರಾಫಿಕ್ ಸಮತೋಲನದ ಹೆಸರಿನಲ್ಲಿ ಹಣ ಕೇಳುವ ವಾದಗಳಲ್ಲಿ ಒಂದಿಷ್ಟು ನಿಜವಾದ ಎಂಜಿನಿಯರಿಂಗ್ ಇದೆ, ಅದಕ್ಕಿಂತ ಹೆಚ್ಚಾಗಿ ಚೌಕಾಸಿ ಇದೆ. ನಿಮ್ಮಂಥವರು ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ, ಕೊಡಬೇಕಾಗಿಲ್ಲದ ಕಡೆ ಕೊಡುತ್ತೀರಿ. ಕೊಟ್ಟರೆ ಲಾಭವಾಗುವ ಕಡೆ ಸ್ವಾಭಿಮಾನಕ್ಕೆ ಕಟ್ಟುಬಿದ್ದು ಕೊಡದೆ ಬಿಡುತ್ತೀರಿ. ಆದ್ದರಿಂದ ಅನುಪಾತದ ನಿಯಮ ಯಾವ ಖರ್ಚನ್ನು ಅಳೆಯಲು ಹುಟ್ಟಿತು, ಅದು ಎಲ್ಲಿ ಅನ್ವಯಿಸುತ್ತದೆ, ಎಲ್ಲಿ ನೆಪವಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಜಾಲಗಳ ನಡುವೆ ಮುಖ್ಯವಾಗಿ ಎರಡು ಬಗೆಯ ಒಪ್ಪಂದಗಳಿವೆ. ಟ್ರಾನ್ಸಿಟ್‌ನಲ್ಲಿ ನೀವು ಗ್ರಾಹಕರು: ನೀವು ಹಣ ಕೊಡುತ್ತೀರಿ, ಅವರು ನಿಮ್ಮನ್ನು ಇಡೀ ಇಂಟರ್ನೆಟ್ಟಿಗೆ ತಲುಪಿಸುತ್ತಾರೆ. ಪೀರಿಂಗ್‌ನಲ್ಲಿ ಎರಡು ಜಾಲಗಳು ತಮ್ಮ ತಮ್ಮ ಗ್ರಾಹಕರನ್ನು ಮಾತ್ರ ಪರಸ್ಪರ ತೆರೆದಿಡುತ್ತವೆ. ಒಬ್ಬ ಪೀರ್‌ನಿಂದ ತಿಳಿದ ಮಾರ್ಗವನ್ನು ಯಾವ ಜಾಲವೂ ಇನ್ನೊಬ್ಬ ಪೀರ್‌ಗೆ ಹೇಳಿಕೊಡುವುದಿಲ್ಲ, ಏಕೆಂದರೆ ಹಾಗೆ ಮಾಡಿದರೆ ಇಬ್ಬರು ಹೊರಗಿನವರ ಟ್ರಾಫಿಕ್ಕನ್ನು ತನ್ನ ಖರ್ಚಿನಲ್ಲಿ ಹೊತ್ತಂತಾಗುತ್ತದೆ. ಈ ಒಂದು ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಟ್ರಾನ್ಸಿಟ್ ಕೊಳ್ಳದ ಎರಡು ದೊಡ್ಡ ಜಾಲಗಳು ಜಗಳವಾಡಿ ತಂತಿ ಕಿತ್ತುಕೊಂಡಾಗ, ಟ್ರಾಫಿಕ್ ಮೂರನೆಯವರ ಮೂಲಕ ಸುತ್ತಿ ಬರುವ ಬದಲು ನಿಂತೇ ಹೋಗುವುದು ಇದೇ ಕಾರಣಕ್ಕೆ. ಪೀರಿಂಗ್‌ನಲ್ಲಿ ಸಾಮಾನ್ಯವಾಗಿ ಹಣದ ವ್ಯವಹಾರವೇ ಇರುವುದಿಲ್ಲ. ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಸಂಸ್ಥೆ 2011ರಲ್ಲಿ 1,42,000ಕ್ಕೂ ಹೆಚ್ಚು ಪೀರಿಂಗ್ ಸಂಬಂಧಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಶೇಕಡಾ 99.5ರಷ್ಟಕ್ಕೆ ಲಿಖಿತ ಕರಾರೇ ಇರಲಿಲ್ಲ. ಬಾಯಿಮಾತಿನ ಒಪ್ಪಿಗೆಯಲ್ಲೇ ನಡೆಯುತ್ತಿದ್ದವು. ಅಂದರೆ ನಾವು ಚರ್ಚಿಸುತ್ತಿರುವುದು ಸಂಖ್ಯೆಯಲ್ಲಿ ತೀರ ಸಣ್ಣ ಭಾಗವನ್ನು. ಆದರೆ ದೊಡ್ಡ ಜಾಲಗಳ ನಡುವಿನ ಕರಾರುಗಳು ಹೆಚ್ಚಾಗಿ ಇರುವುದು ಆ ಸಣ್ಣ ಭಾಗದಲ್ಲಿಯೇ.

ಈಗ ಅನುಪಾತದ ವಿಷಯ. ಅಮೆರಿಕದ ದೊಡ್ಡ ಜಾಲಗಳು ಪ್ರಕಟಿಸಿದ ಪೀರಿಂಗ್ ನಿಯಮಾವಳಿಗಳಲ್ಲಿ ಈ ಷರತ್ತು ಹಲವು ಕಾಲದಿಂದ ಇದೆ. ವೆರೈಜನ್ 1.8:1 ಎಂದು ಬರೆದುಕೊಂಡಿತು, ಎಟಿ ಅಂಡ್ ಟಿ 2:1 ಎಂದಿತು. ಈ ಷರತ್ತಿನ ಹಿಂದಿರುವ ತರ್ಕ ಅರ್ಥವಾಗಬೇಕಾದರೆ ಪ್ಯಾಕೆಟ್ಟುಗಳು ಒಂದು ಜಾಲದಿಂದ ಇನ್ನೊಂದಕ್ಕೆ ಎಲ್ಲಿ ದಾಟುತ್ತವೆ ಎಂಬುದನ್ನು ಗಮನಿಸಬೇಕು.

‘ಕ’ ಮತ್ತು ‘ಗ’ ಎಂಬ ಎರಡು ದೊಡ್ಡ ಜಾಲಗಳು ಮುಂಬೈ ಮತ್ತು ಚೆನ್ನೈ ಎರಡರಲ್ಲೂ ಸೇರುತ್ತವೆ ಎಂದುಕೊಳ್ಳಿ. ‘ಕ’ ಜಾಲದ ಸರ್ವರ್ ಮುಂಬೈಯಲ್ಲಿದೆ, ‘ಗ’ ಜಾಲದ ಬಳಕೆದಾರ ಚೆನ್ನೈಯಲ್ಲಿದ್ದಾನೆ. ಬಳಕೆದಾರನ ಕೋರಿಕೆ ಹೊರಟಾಗ ‘ಗ’ ಜಾಲದ ರೂಟರ್ ಅದನ್ನು ತನಗೆ ಹತ್ತಿರವಿರುವ ಚೆನ್ನೈಯಲ್ಲಿಯೇ ‘ಕ’ ಜಾಲಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಮುಂಬೈವರೆಗೆ ಹೊರುವುದು ‘ಕ’ ಜಾಲದ ಪಾಲು. ಸರ್ವರ್ ಉತ್ತರ ಕಳಿಸುವಾಗ ಇದೇ ನ್ಯಾಯದಲ್ಲಿ ‘ಕ’ ಜಾಲ ಅದನ್ನು ಮುಂಬೈಯಲ್ಲೇ ದಾಟಿಸುತ್ತದೆ; ಅಲ್ಲಿಂದ ಚೆನ್ನೈವರೆಗೆ ಹೊರುವುದು ‘ಗ’ ಜಾಲದ ಪಾಲು. ಪ್ರತಿಯೊಬ್ಬರೂ ಆದಷ್ಟು ಬೇಗ ಭಾರವನ್ನು ಇಳಿಸಿಕೊಳ್ಳುವ ಈ ಪದ್ಧತಿಗೆ ಈ ವೃತ್ತಿಯವರು ಹಾಟ್ ಪೊಟ್ಯಾಟೊ ರೂಟಿಂಗ್ ಎನ್ನುತ್ತಾರೆ. ಇಲ್ಲಿ ದೂರದ ಹೊರೆ ಬೀಳುವುದು ಯಾವಾಗಲೂ ಪ್ಯಾಕೆಟ್ಟನ್ನು ಪಡೆಯುವ ಜಾಲದ ಮೇಲೆ. ಎರಡೂ ಕಡೆಯಿಂದ ಹರಿಯುವ ಪ್ರಮಾಣ ಸರಿಸುಮಾರು ಒಂದೇ ಆಗಿದ್ದರೆ ಹೊರೆಯೂ ಸಮನಾಗುತ್ತದೆ. ‘ಕ’ ಜಾಲದಲ್ಲಿ ವಿಡಿಯೊ ಸರ್ವರ್‌ಗಳೇ ತುಂಬಿದ್ದು ‘ಗ’ ಜಾಲದಲ್ಲಿ ಮನೆ ಸಂಪರ್ಕಗಳೇ ತುಂಬಿದ್ದರೆ, ಚೆನ್ನೈಯಿಂದ ಮುಂಬೈಗೆ ‘ಕ’ ಹೊರುವುದು ಚಿಟಿಕೆಯಷ್ಟು ಕೋರಿಕೆಗಳನ್ನು, ಮುಂಬೈಯಿಂದ ಚೆನ್ನೈಗೆ ‘ಗ’ ಹೊರುವುದು ರಾಶಿಗಟ್ಟಲೆ ವಿಡಿಯೊವನ್ನು. ‘ಗ’ ಜಾಲದವರು ಆಕ್ಷೇಪಿಸಿದರೆ ಅದರಲ್ಲಿ ತಪ್ಪಿಲ್ಲ.

ಅನುಪಾತದ ನಿಯಮ ನ್ಯಾಯವಾಗಿ ನಿಲ್ಲುವುದು ಇಷ್ಟರಮಟ್ಟಿಗೆ. ಆದರೆ ಇದು ನಿಲ್ಲಲು ಮೂರು ಸಂಗತಿಗಳು ಒಟ್ಟಿಗೆ ಇರಬೇಕು: ಎರಡೂ ಜಾಲಗಳ ಭೌಗೋಳಿಕ ವ್ಯಾಪ್ತಿ ಒಂದೇ ತೆರನಾಗಿರಬೇಕು, ಹಲವು ಊರುಗಳಲ್ಲಿ ಅವು ಸೇರುತ್ತಿರಬೇಕು, ಮತ್ತು ಕಳಿಸುವವನು ಭಾರವನ್ನು ಮೊದಲ ಊರಿನಲ್ಲೇ ಇಳಿಸುತ್ತಿರಬೇಕು. ಮೂರನೆಯದನ್ನು ಬದಲಿಸಿದರೂ ಸಾಕು, ವಾದ ಕುಸಿಯುತ್ತದೆ. ಕಳಿಸುವ ಜಾಲವೇ ತನ್ನ ಖರ್ಚಿನಲ್ಲಿ ಟ್ರಾಫಿಕ್ಕನ್ನು ಬಳಕೆದಾರನಿಗೆ ಅತಿ ಹತ್ತಿರದ ಊರಿನವರೆಗೆ ತಂದು ದಾಟಿಸಿದರೆ, ಅಥವಾ ಜನ ಪದೇಪದೇ ಬೇಡುವುದರ ಪ್ರತಿಯನ್ನು ಹತ್ತಿರದಲ್ಲೇ ಇಟ್ಟು ಕೊಡುವ ಕ್ಯಾಶ್ ಸರ್ವರನ್ನು ಪಡೆಯುವ ಜಾಲದ ಒಳಗೇ ಇರಿಸಿದರೆ, ಪಡೆಯುವವನಿಗೆ ದೂರದ ಹೊರೆಯೇ ಇರುವುದಿಲ್ಲ. ಆಗಲೂ ಅನುಪಾತವನ್ನು ಮುಂದಿಟ್ಟು ಹಣ ಕೇಳಿದರೆ, ಅದು ಖರ್ಚಿನ ವಾದವಾಗಿ ಉಳಿಯುವುದಿಲ್ಲ. ದೊಡ್ಡ ಜಾಲಗಳೇ ಇದನ್ನು ಒಪ್ಪಿದ್ದುಂಟು. ಬಿಟ್ಟುಗಳನ್ನು ಎಣಿಸುವ ಬದಲು, ಪ್ರತಿ ಬಿಟ್ಟನ್ನು ಯಾರು ಎಷ್ಟು ಮೈಲಿ ಹೊತ್ತರು ಎಂದು ಗುಣಿಸಿ ಆ ಮೊತ್ತವನ್ನು ಸರಿತೂಗಿಸುವ ಒಪ್ಪಂದಗಳು ಅವುಗಳ ನಡುವೆ ಬಂದಿವೆ.

ನಿಮ್ಮ ಸಂದರ್ಭಕ್ಕೆ ಇದನ್ನು ಹೊಂದಿಸಿ ನೋಡಿ. ನೀವು ಸೇರುವುದು ಬೆಂಗಳೂರು ಒಂದರಲ್ಲಿ ಮಾತ್ರ. ಆ ದೊಡ್ಡ ಜಾಲದವರು ಮುಂಬೈಯಿಂದಲೋ ಚೆನ್ನೈಯಿಂದಲೋ ಬರುವ ಟ್ರಾಫಿಕ್ಕನ್ನು ಬೆಂಗಳೂರಿನವರೆಗೆ ಹೊರಲೇಬೇಕು, ನೀವು ಕಳಿಸುವುದನ್ನು ಬೆಂಗಳೂರಿನಿಂದ ದೇಶದ ಯಾವ ಮೂಲೆಗಾದರೂ ಒಯ್ಯಲೇಬೇಕು. ನಿಮ್ಮ ಪಾಲಿಗೆ ಬರುವುದು ಬೆಂಗಳೂರಿನಿಂದ ನಿಮ್ಮ ಜಿಲ್ಲೆಯವರೆಗಿನ ದಾರಿ. ಸೇರುವ ಸ್ಥಳ ಒಂದೇ ಆದಾಗ ಹಾಟ್ ಪೊಟ್ಯಾಟೊ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅನುಪಾತ 1:1 ಇದ್ದರೂ 10:1 ಇದ್ದರೂ ಯಾರು ಎಷ್ಟು ದೂರ ಹೊರುತ್ತಾರೆ ಎಂಬುದು ಬದಲಾಗುವುದಿಲ್ಲ. ಅವರು ನಿಮ್ಮ ಬೇಡಿಕೆಯನ್ನು ನಿರಾಕರಿಸಲು ಪ್ರಾಮಾಣಿಕ ಕಾರಣ ಬೇರೆಯಿದೆ: ‘ನಮ್ಮದು ದೇಶವ್ಯಾಪಿ ಜಾಲ, ನಿಮ್ಮದು ಒಂದು ಜಿಲ್ಲೆ, ನಾಲ್ಕಾರು ಊರುಗಳಲ್ಲಿ ನೀವು ನಮಗೆ ಸಿಗುವುದಿಲ್ಲ, ಇಂದು ಪುಕ್ಕಟೆ ಪೀರಿಂಗ್ ಕೊಟ್ಟರೆ ನಾಳೆ ನೀವು ನಮ್ಮ ಟ್ರಾನ್ಸಿಟ್ ಗ್ರಾಹಕರಾಗುವ ಸಾಧ್ಯತೆ ಕಳೆದುಹೋಗುತ್ತದೆ.’ ಇದು ವ್ಯಾಪಾರದ ಮಾತು, ಗೌರವದಿಂದ ಕೇಳಿಸಿಕೊಳ್ಳಬಹುದಾದ ಮಾತು. 2:1 ಎಂಬುದು ಅದಕ್ಕೆ ಹೊದಿಸಿದ ಶಾಲು.

ಅಷ್ಟಕ್ಕೂ 2:1ರ ಅನುಪಾತವನ್ನು ಮನೆ ಸಂಪರ್ಕಗಳ ಜಾಲವೊಂದು ತನ್ನ ಸಾಮರ್ಥ್ಯದಿಂದ ಎಂದಿಗೂ ಪಾಲಿಸಲಾರದು. ಡೌನ್‌ಲೋಡ್ ನಡೆಯುವಾಗ ಸಾಮಾನ್ಯವಾಗಿ 1,500 ಬೈಟಿನ ಎರಡು ಪ್ಯಾಕೆಟ್ಟುಗಳು ಬಂದಮೇಲೆ, ಬಂದು ಮುಟ್ಟಿತೆಂದು ತಿಳಿಸುವ 50 ಬೈಟಿನ ಆಸುಪಾಸಿನ ಒಂದು ಸಣ್ಣ ಪ್ಯಾಕೆಟ್ ಹಿಂದಕ್ಕೆ ಹೋಗುತ್ತದೆ. ಬರೀ ವಿಡಿಯೊ ನೋಡುವವನ ಅನುಪಾತ ಈ ಲೆಕ್ಕದಲ್ಲಿ 50:1ನ್ನೂ ಮೀರುತ್ತದೆ. ವಿಡಿಯೊ ಕರೆ, ಫೋಟೊ ಅಪ್‌ಲೋಡ್, ಸಿಸಿಟಿವಿ ಮುಂತಾದವು ಸೇರಿ ನಿಮ್ಮದು 10:1ರ ಹತ್ತಿರ ಬಂದು ನಿಂತಿದೆ. ಅನುಪಾತದ ಷರತ್ತನ್ನು ಬರೆದವರಿಗೆ ಇದು ತಿಳಿಯದ್ದೇನಲ್ಲ. ತಮ್ಮಂಥವರನ್ನು ಒಳಗಿಟ್ಟು ಉಳಿದವರನ್ನು ಹೊರಗಿಡುವ ಬೇಲಿಯಾಗಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇನ್ನು ಪಡೆಯುವವನು ಕೊಡಬೇಕೋ ಕಳಿಸುವವನು ಕೊಡಬೇಕೋ ಎಂಬ ನಿಮ್ಮ ಮುಖ್ಯ ಪ್ರಶ್ನೆ. ಈ ಗೊಂದಲದ ಬೇರು ದೂರವಾಣಿಯ ಲೆಕ್ಕದಲ್ಲಿದೆ. ದೂರವಾಣಿಯಲ್ಲಿ ಕರೆ ಮಾಡಿದವನ ಕಂಪನಿ, ಕರೆಯನ್ನು ಮುಟ್ಟಿಸಿದ ಕಂಪನಿಗೆ ನಿಮಿಷಕ್ಕೆ ಇಷ್ಟೆಂದು ಕೊಡುವ ಪದ್ಧತಿ ಇತ್ತು. ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಗದಿಪಡಿಸಿದ್ದ ಈ ಶುಲ್ಕ ಮೊಬೈಲ್ ಕರೆಗಳಿಗೆ 14 ಪೈಸೆ ಇದ್ದದ್ದು 2017ರ ಅಕ್ಟೋಬರ್ 1ರಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ಅಲ್ಲಿ ಕರೆಯನ್ನು ಆರಂಭಿಸಿದವನು ಯಾರು, ಅವನಿಂದ ದುಡ್ಡು ವಸೂಲು ಮಾಡಿದ ಕಂಪನಿ ಯಾವುದು ಎಂಬುದು ಸ್ಪಷ್ಟವಾಗಿತ್ತು. ಇಂಟರ್ನೆಟ್ಟಿನಲ್ಲಿ ಹಾಗಿಲ್ಲ. ಬೇಡಿದವನು ನಿಮ್ಮ ಗ್ರಾಹಕ, ಬೈಟುಗಳನ್ನು ಸುರಿದವನು ಆಚೆಯ ಸರ್ವರ್. ಬೇಡಿದವನ ಕಡೆಯಿಂದ ಎಣಿಸಿದರೆ ನೀವು ಕೊಡಬೇಕು, ಸುರಿದವನ ಕಡೆಯಿಂದ ಎಣಿಸಿದರೆ ಅವರು ಕೊಡಬೇಕು. ದೂರವಾಣಿಯ ಸೂತ್ರವನ್ನು ಇಲ್ಲಿಗೆ ತಂದವರು ತಮಗೆ ಬೇಕಾದ ತುದಿಯನ್ನು ಹಿಡಿದುಕೊಂಡಿದ್ದಾರೆ, ಅಷ್ಟೇ.

ಎರಡೂ ತುದಿಗಳನ್ನು ಜಗತ್ತು ಪ್ರಯೋಗಿಸಿ ನೋಡಿದೆ. 2003ರಲ್ಲಿ ಸ್ಥಾಪನೆಯಾದ ನಮ್ಮ ರಾಷ್ಟ್ರೀಯ ಇಂಟರ್ನೆಟ್ ಎಕ್ಸ್‌ಚೇಂಜ್ (ಹಲವು ಜಾಲಗಳು ಒಂದೆಡೆ ಸೇರಿ ಟ್ರಾಫಿಕ್ ವಿನಿಮಯ ಮಾಡಿಕೊಳ್ಳುವ ತಾಣ), ಅಂದರೆ ನಿಕ್ಸಿ, ತನ್ನ ಆರಂಭದ ಬಹುಕಾಲ ಬೇಡಿದವನೇ ಕೊಡುವ ಲೆಕ್ಕವನ್ನು ಅನುಸರಿಸಿತು. ಎಕ್ಸ್‌ಚೇಂಜ್ ಮೂಲಕ ಒಂದು ಐಎಸ್‌ಪಿ, ಅಂದರೆ ಇಂಟರ್ನೆಟ್ ಸೇವೆ ಕೊಡುವ ಕಂಪನಿ, ಪಡೆದದ್ದರಲ್ಲಿ ಕಳಿಸಿದ್ದನ್ನು ಕಳೆದು, ಉಳಿದ ನಿವ್ವಳ ಮೊತ್ತಕ್ಕೆ ಪಡೆದವನು ಹಣ ಕೊಡಬೇಕಿತ್ತು. ಎಕ್ಸ್‌ಚೇಂಜ್ ಹುಟ್ಟಿದ್ದು ದೇಶದೊಳಗಿನ ಟ್ರಾಫಿಕ್ ವಿದೇಶಕ್ಕೆ ಹೋಗಿ ಮರಳುವುದನ್ನು ತಪ್ಪಿಸಲು. ಆದರೆ ಮನೆ ಗ್ರಾಹಕರನ್ನು ಹೊಂದಿದ್ದ ಸಣ್ಣ ಐಎಸ್‌ಪಿಗಳಿಗೆ ಈ ಲೆಕ್ಕದಿಂದ ಅಲ್ಲಿ ಸೇರುವ ಉತ್ಸಾಹವೇ ಕಡಿಮೆಯಾಗುವಂತಾಯಿತು. ಉಚಿತ ವಿನಿಮಯದ ಖಾಸಗಿ ಎಕ್ಸ್‌ಚೇಂಜ್‌ಗಳು ಅನಂತರ ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಬೆಳೆದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ದಕ್ಷಿಣ ಕೊರಿಯಾ ಇನ್ನೊಂದು ತುದಿಯನ್ನು ಹಿಡಿಯಿತು. 2016ರಿಂದ ಅಲ್ಲಿಯ ದೊಡ್ಡ ಐಎಸ್‌ಪಿಗಳ ನಡುವೆ, ಕಳಿಸಿದ ಜಾಲವೇ ಪಡೆದ ಜಾಲಕ್ಕೆ ಪ್ರಮಾಣಕ್ಕೆ ತಕ್ಕಂತೆ ಹಣ ಕೊಡಬೇಕೆಂಬ ನಿಯಮ ಬಂದಿತು. ಫಲಿತಾಂಶ ವಿಚಿತ್ರವಾಗಿತ್ತು. ಫೇಸ್‌ಬುಕ್ಕಿನ ಕ್ಯಾಶ್ ಸರ್ವರ್ ಕೆಟಿ ಕಂಪನಿಯ ಜಾಲದಲ್ಲಿತ್ತು. ಅಲ್ಲಿಂದ ಉಳಿದ ಕಂಪನಿಗಳ ಗ್ರಾಹಕರಿಗೆ ಹೋಗುವ ಪ್ರತಿ ಬೈಟಿಗೂ ಈಗ ಕೆಟಿ ತೆರಬೇಕಾಯಿತು. ಜನಪ್ರಿಯ ಸೇವೆಯನ್ನು ತನ್ನ ಜಾಲದಲ್ಲಿ ಇರಿಸಿಕೊಂಡದ್ದೇ ಅದಕ್ಕೆ ದಂಡವಾಯಿತು. ಕೆಟಿ ಆ ಹೊರೆಯನ್ನು ಫೇಸ್‌ಬುಕ್ಕಿಗೆ ದಾಟಿಸಲು ನೋಡಿತು, ಫೇಸ್‌ಬುಕ್ ಉಳಿದ ಎರಡು ಕಂಪನಿಗಳ ಬಳಕೆದಾರರ ಟ್ರಾಫಿಕ್ಕನ್ನು ಹಾಂಗ್‌ಕಾಂಗ್ ಮುಂತಾದೆಡೆಗೆ ತಿರುಗಿಸಿತು, ಬಳಕೆದಾರರಿಗೆ ವೇಗ ಕುಸಿಯಿತು, 2018ರಲ್ಲಿ ಅಲ್ಲಿಯ ಸಂವಹನ ಆಯೋಗ ದಂಡ ಹಾಕಿತು, ಫೇಸ್‌ಬುಕ್ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. ಕೊನೆಗೆ 2020ರಿಂದ, ಎರಡು ಜಾಲಗಳ ನಡುವಿನ ಅನುಪಾತ 1:1.8ರ ಒಳಗಿದ್ದರೆ ಹಣ ಎಣಿಸಬೇಕಾಗಿಲ್ಲವೆಂದು ನಿಯಮವನ್ನು ಸಡಿಲಿಸಿದರು. ನೆಟ್‌ಫ್ಲಿಕ್ಸ್ ಮತ್ತು ಎಸ್‌ಕೆ ಬ್ರಾಡ್‌ಬ್ಯಾಂಡ್ ನಡುವೆ 2020ರಲ್ಲಿ ಆರಂಭವಾದ ಮೊಕದ್ದಮೆ 2023ರ ಸೆಪ್ಟೆಂಬರಿನಲ್ಲಿ ರಾಜಿಯಲ್ಲಿ ಮುಗಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನೇರಪ್ರಸಾರದ ವಿಡಿಯೊ ಸೇವೆ ಟ್ವಿಚ್, ಬೇರೆ ಬಹುಪಾಲು ದೇಶಗಳಿಗಿಂತ ಹತ್ತು ಪಟ್ಟು ಹೆಚ್ಚು ಜಾಲ ಶುಲ್ಕ ತೆರಬೇಕಾಗಿದೆ ಎಂದು ಹೇಳಿ ಕೊರಿಯಾದಿಂದ ಹೊರಡುವುದಾಗಿ ಪ್ರಕಟಿಸಿ, 2024ರ ಫೆಬ್ರವರಿಯಲ್ಲಿ ಹೊರಟೇ ಹೋಯಿತು.

ಒಂದೇ ಅಸಮತೋಲನಕ್ಕೆ ಒಂದು ದೇಶ ಪಡೆದವನಿಂದಲೂ ಇನ್ನೊಂದು ದೇಶ ಕಳಿಸಿದವನಿಂದಲೂ ವಸೂಲು ಮಾಡಿದೆ. ಹಾಗಾದರೆ ಸರ್ಕಾರ ನಿಯಮ ಮಾಡದೆ ಬಿಟ್ಟಾಗ ಹಣ ಯಾವ ಕಡೆಗೆ ಹರಿಯುತ್ತದೆ? ಇದಕ್ಕೆ ಅಮೆರಿಕದ ಎರಡು ದಶಕಗಳ ಜಗಳಗಳನ್ನು ನೋಡಬೇಕು. ಅವುಗಳಲ್ಲಿ ಲೆವೆಲ್ 3 ಎಂಬ ಬೆನ್ನೆಲುಬು ಜಾಲದ ಕಥೆ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ.

2005ರ ಅಕ್ಟೋಬರ್ 5ರಂದು ಲೆವೆಲ್ 3, ಕೋಜೆಂಟ್ ಎಂಬ ಇನ್ನೊಂದು ಬೆನ್ನೆಲುಬು ಜಾಲದ ಜೊತೆಗಿನ ಪೀರಿಂಗನ್ನು ಕಡಿದುಹಾಕಿತು. ಕೋಜೆಂಟ್ ಅಗ್ಗದ ಬೆಲೆಗೆ ವೆಬ್‌ಸೈಟ್ ಹೋಸ್ಟಿಂಗ್ ಕಂಪನಿಗಳನ್ನು ಗುಡ್ಡೆಹಾಕಿಕೊಂಡು ತಮ್ಮ ಮೇಲೆ ಬಹಳ ಹೆಚ್ಚು ಟ್ರಾಫಿಕ್ ಸುರಿಯುತ್ತಿದೆ, ಆದ್ದರಿಂದ ಇದು ಸಮಾನರ ವಿನಿಮಯವಲ್ಲ ಎಂಬುದು ಅವರ ವಾದ. ಎರಡೂ ಜಾಲಗಳು ಮೂರನೆಯವರಿಂದ ಪರಸ್ಪರರ ಮಾರ್ಗ ಕೊಳ್ಳಲು ಒಪ್ಪಲಿಲ್ಲವಾಗಿ, ಎರಡರಲ್ಲಿ ಒಂದನ್ನೇ ನೆಚ್ಚಿಕೊಂಡಿದ್ದ ಗ್ರಾಹಕರಿಗೆ ಇಂಟರ್ನೆಟ್ಟಿನ ಆಚೆಯ ಭಾಗ ಕಾಣದಾಯಿತು. ಕೋಜೆಂಟ್ ಸುಮ್ಮನಿರಲಿಲ್ಲ, ಲೆವೆಲ್ 3ನ್ನು ಮಾತ್ರ ನೆಚ್ಚಿಕೊಂಡಿದ್ದವರಿಗೆ ಒಂದು ವರ್ಷದ ಉಚಿತ ಸಂಪರ್ಕ ಕೊಡುವುದಾಗಿ ಸಾರಿತು. ಎರಡು ದಿನಗಳಲ್ಲಿ ತಾತ್ಕಾಲಿಕವಾಗಿ ಸಂಪರ್ಕ ಮರಳಿತು, ಆ ತಿಂಗಳ ಕೊನೆಗೆ ಒಪ್ಪಂದವಾಯಿತು.

ಐದು ವರ್ಷಗಳ ನಂತರ ಇದೇ ಲೆವೆಲ್ 3 ನೆಟ್‌ಫ್ಲಿಕ್ಸ್ ವಿಡಿಯೊಗಳನ್ನು ಹಂಚುವ ಗುತ್ತಿಗೆ ಪಡೆಯಿತು. ಮನೆ ಸಂಪರ್ಕಗಳ ದೈತ್ಯನಾದ ಕಾಮ್‌ಕಾಸ್ಟ್, ಇನ್ನು ಮುಂದೆ ಅನುಪಾತ 5:1ಕ್ಕೆ ಏರುತ್ತದೆ, ಹೆಚ್ಚುವರಿಗೆ ಹಣ ಕೊಡಿ ಎಂದಿತು. 2010ರ ನವೆಂಬರಿನಲ್ಲಿ ಲೆವೆಲ್ 3 ಬಹಿರಂಗವಾಗಿ ಪ್ರತಿಭಟಿಸಿ, ವಿಡಿಯೊವನ್ನು ಬೇಡಿದವರು ಕಾಮ್‌ಕಾಸ್ಟಿನ ಗ್ರಾಹಕರೇ ಎಂದು ವಾದಿಸಿತು. 2005ರಲ್ಲಿ ಲೆವೆಲ್ 3 ಹೇಳಿದ್ದನ್ನೇ ಕಾಮ್‌ಕಾಸ್ಟ್ ಅದಕ್ಕೆ ನೆನಪಿಸಿತು. ಎರಡೂ ಬಾರಿ ಲೆವೆಲ್ 3ರ ಎಂಜಿನಿಯರಿಂಗ್ ತಿಳುವಳಿಕೆ ಒಂದೇ ಆಗಿತ್ತೆಂದು ನಾನು ಭಾವಿಸುತ್ತೇನೆ. ಬದಲಾದದ್ದು ಅದು ನಿಂತ ಸ್ಥಳ.

2013–14ರ ನೆಟ್‌ಫ್ಲಿಕ್ಸ್–ಕಾಮ್‌ಕಾಸ್ಟ್ ಪ್ರಸಂಗದಲ್ಲಿ ಯಾರೂ ತಂತಿ ಕೀಳಲಿಲ್ಲ. ಬದಲಿಗೆ ಟ್ರಾಫಿಕ್ ಬೆಳೆದಂತೆ ಕೋಜೆಂಟ್ ಮುಂತಾದವರೊಂದಿಗಿನ ಪೋರ್ಟುಗಳನ್ನು, ಅಂದರೆ ಎರಡು ಜಾಲಗಳ ತಂತಿ ಕೂಡುವ ಕಂಡಿಗಳನ್ನು, ಹೆಚ್ಚಿಸದೆ ಬಿಡಲಾಯಿತು. ಸಂಜೆಯ ಹೊತ್ತು ಆ ಪೋರ್ಟುಗಳು ತುಂಬಿ ಪ್ಯಾಕೆಟ್ಟುಗಳು ಬಿದ್ದುಹೋಗುತ್ತಿದ್ದವು. ನೆಟ್‌ಫ್ಲಿಕ್ಸ್ ಪ್ರಕಟಿಸುತ್ತಿದ್ದ ಅಂಕಿಗಳ ಪ್ರಕಾರ ಕಾಮ್‌ಕಾಸ್ಟ್ ಗ್ರಾಹಕರಿಗೆ ಅದರ ಸರಾಸರಿ ವೇಗ 2014ರ ಜನವರಿಯಲ್ಲಿ 1.51 ಎಂಬಿಪಿಎಸ್‌ಗೆ ಇಳಿದಿತ್ತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಹಣ ಕೊಟ್ಟು ನೇರ ಸಂಪರ್ಕ ಪಡೆಯಲು ಒಪ್ಪಿತು. ಮಾರ್ಚಿನಲ್ಲಿ ಅದೇ ವೇಗ 2.5ಕ್ಕೆ ಏರಿತು. ದೇಶದ ಅಡ್ಡಗಲಕ್ಕೆ ಹೊಸ ಫೈಬರ್ ಎಳೆಯಲು ಈ ಅವಧಿ ಸಾಲದು. ಸೇರುವ ಸ್ಥಳದಲ್ಲಿ ಪೋರ್ಟುಗಳನ್ನು ಜೋಡಿಸಲು ಸಾಕು. ಖರ್ಚು ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ಈ ಎರಡು ಅಂಕಿಗಳೇ ತೋರಿಸುತ್ತವೆ.

ಈ ಪ್ರಸಂಗಗಳಿಂದ ನಾನು ತಿಳಿದುಕೊಂಡಿರುವುದು ಇಷ್ಟು: ಸಂಪರ್ಕ ಮುರಿದರೆ ಯಾರ ಗ್ರಾಹಕ ಮೊದಲು ಬಿಟ್ಟುಹೋಗುತ್ತಾನೋ ಅವನ ಕಡೆಯಿಂದ ಹಣ ಹರಿಯುತ್ತದೆ. ಕಾಮ್‌ಕಾಸ್ಟಿನ ಗ್ರಾಹಕನಿಗೆ ಅವನ ಬೀದಿಯಲ್ಲಿ ಅದೇ ವೇಗ ಕೊಡುವ ಇನ್ನೊಂದು ಕಂಪನಿ ಹಲವೆಡೆ ಇರಲಿಲ್ಲ. ನೆಟ್‌ಫ್ಲಿಕ್ಸ್ ನಿಂತುನಿಂತು ಬಂದರೆ ಅವನು ಕೈಬಿಡುವುದು ನೆಟ್‌ಫ್ಲಿಕ್ಸನ್ನು. ಹೀಗಾಗಿ ಅಲ್ಲಿ ಕಳಿಸುವವನು ಕೊಟ್ಟ. ನಿಮ್ಮ ಊರಿನಲ್ಲಿ ಎರಡು ದೊಡ್ಡ ಕಂಪನಿಗಳ ಫೈಬರ್ ಈಗಾಗಲೇ ಬಂದಿದ್ದರೆ, ನಿಮ್ಮಲ್ಲಿ ವಿಡಿಯೊ ನಿಧಾನವಾದ ವಾರದಲ್ಲಿಯೇ ಗ್ರಾಹಕ ಅತ್ತ ಹೋಗುತ್ತಾನೆ. ಹೀಗಾಗಿ ಇಲ್ಲಿ ಪಡೆಯುವವರಾದ ನಿಮ್ಮನ್ನು ಕೇಳುತ್ತಿದ್ದಾರೆ. ಅಸಮತೋಲನ ಎರಡೂ ಕಡೆ ಒಂದೇ ದಿಕ್ಕಿನದು. ಯೂರೋಪಿನಲ್ಲಿ 2022ರಿಂದ ದೊಡ್ಡ ಟೆಲಿಕಾಂ ಕಂಪನಿಗಳು ನ್ಯಾಯಯುತ ಪಾಲು ಎಂಬ ಹೆಸರಿನಲ್ಲಿ, ನಮ್ಮಲ್ಲಿ ಸೆಲ್ಯುಲರ್ ಆಪರೇಟರುಗಳ ಸಂಘ ಅದೇ ಧಾಟಿಯಲ್ಲಿ ಕೇಳುತ್ತಿರುವುದು ಈ ಚೌಕಾಸಿಯ ಬಲವನ್ನು ಕಾನೂನಿನ ಮೂಲಕ ಗಟ್ಟಿಮಾಡಿಕೊಡಿ ಎಂದು. ಯೂರೋಪಿನ ನಿಯಂತ್ರಕರ ಒಕ್ಕೂಟವಾದ ಬೆರೆಕ್ 2022ರ ಅಕ್ಟೋಬರಿನ ಪ್ರಾಥಮಿಕ ಪರಿಶೀಲನೆಯಲ್ಲಿ ಅಂಥ ಪಾವತಿಗೆ ಸಮರ್ಥನೆ ಕಾಣುತ್ತಿಲ್ಲವೆಂದಿತು. ಆದರೂ 2024ರ ಮೇ ತಿಂಗಳಿನಲ್ಲಿ ಜರ್ಮನಿಯ ಕಲೋನ್ ನ್ಯಾಯಾಲಯ ಡಾಯ್ಚ ಟೆಲಿಕಾಮ್‌ಗೆ ಫೇಸ್‌ಬುಕ್ಕಿನ ಮಾತೃಸಂಸ್ಥೆಯಾದ ಮೆಟಾ ಸುಮಾರು 2 ಕೋಟಿ ಯೂರೊ ಕೊಡಬೇಕೆಂದು ತೀರ್ಪಿತ್ತಿತು, ಮತ್ತು ಮೆಟಾ ಆ ವರ್ಷದ ಸೆಪ್ಟೆಂಬರಿನಲ್ಲಿ ನೇರ ಸಂಪರ್ಕವನ್ನೇ ಮುಗಿಸಿ ಮೂರನೆಯವರ ಟ್ರಾನ್ಸಿಟ್ ಮೂಲಕ ಟ್ರಾಫಿಕ್ ಕಳಿಸಲು ತೊಡಗಿತು.

ಈಗ ನೀವು ಏನು ಮಾಡಬೇಕು ಎಂಬ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುಂದಿರುವ ಪ್ರಸ್ತಾಪವನ್ನು ನ್ಯಾಯ–ಅನ್ಯಾಯದ ತಕ್ಕಡಿಯಲ್ಲಿ ತೂಗಬೇಡಿ. ಟ್ರಾನ್ಸಿಟ್ ಬೆಲೆಯ ಪಕ್ಕದಲ್ಲಿಟ್ಟು ತೂಗಿ. ಅದಕ್ಕೆ ಮೊದಲು 20 ಗಿಗಾಬಿಟ್ಟನ್ನು ಒಡೆದು ನೋಡಿ. ರೂಟರಿನ ಫ್ಲೋ ದಾಖಲೆಗಳನ್ನು ಒಂದು ತಿಂಗಳು ಸಂಗ್ರಹಿಸಿ, ಯಾವ ಜಾಲದಿಂದ ಎಷ್ಟು ಬರುತ್ತಿದೆ ಎಂದು ಪಟ್ಟಿ ಮಾಡಿದರೆ, ದೊಡ್ಡ ಪಾಲು ಗೂಗಲ್, ಮೆಟಾ, ನೆಟ್‌ಫ್ಲಿಕ್ಸ್, ಅಕಮೈ ಮುಂತಾದ ಬೆರಳೆಣಿಕೆಯ ಜಾಲಗಳದ್ದೆಂದು ಕಾಣುವ ಸಾಧ್ಯತೆ ಹೆಚ್ಚು. ಇವರಲ್ಲಿ ಹೆಚ್ಚಿನವರು ಅನುಪಾತವನ್ನು ಕೇಳುವುದಿಲ್ಲ. ಬೆಂಗಳೂರು, ಚೆನ್ನೈ, ಮುಂಬೈಗಳ ಎಕ್ಸ್‌ಚೇಂಜ್‌ಗಳಲ್ಲಿ ಉಚಿತವಾಗಿ ಸೇರುತ್ತಾರೆ, ನಿಗದಿತ ಪ್ರಮಾಣ ದಾಟಿದರೆ ಕ್ಯಾಶ್ ಸರ್ವರುಗಳನ್ನೂ ಕೊಡುತ್ತಾರೆ. ನಿಮ್ಮನ್ನು ತಲುಪಲು ತಾವು ಟ್ರಾನ್ಸಿಟ್‌ಗೆ ತೆರುವ ಹಣ ಅವರಿಗೂ ಉಳಿಯುತ್ತದೆಯಲ್ಲ. ಸದಸ್ಯರ ಮಾರ್ಗಗಳನ್ನು ಒಟ್ಟಿಗೆ ಎಲ್ಲರಿಗೂ ಹಂಚುವ ಎಕ್ಸ್‌ಚೇಂಜಿನ ರೂಟ್ ಸರ್ವರ್ ಮೂಲಕ ಸೇರಿದವರ ನಡುವೆ ಯಾರೂ ಅನುಪಾತ ಎಣಿಸುತ್ತ ಕೂರುವುದಿಲ್ಲ. ಇವೆಲ್ಲ ಕಳೆದಮೇಲೆ, ಹಣ ಕೇಳುತ್ತಿರುವ ಆ ದೊಡ್ಡ ಜಾಲದಿಂದ ಮಾತ್ರ ಸಿಗುವ ಟ್ರಾಫಿಕ್ ಎಷ್ಟು ಉಳಿಯಿತು ಎಂದು ನೋಡಿ.

ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ಬೆಲೆಗಳು ನಾನು ಊಹಿಸಿಕೊಂಡವು, ನಿಮ್ಮ ಬಿಲ್ಲಿನ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. ಟ್ರಾನ್ಸಿಟ್ ಎಂಬಿಪಿಎಸ್‌ಗೆ ತಿಂಗಳಿಗೆ 100 ರೂಪಾಯಿ, ನೇರ ಸಂಪರ್ಕಕ್ಕೆ ಪೋರ್ಟು, ಕಟ್ಟಡದೊಳಗಿನ ಕೇಬಲ್ ಬಾಡಿಗೆ, ಅವರು ಕೇಳುವ ಮೊತ್ತ ಎಲ್ಲ ಸೇರಿ ತಿಂಗಳಿಗೆ 2 ಲಕ್ಷ ರೂಪಾಯಿ ಎಂದಾದರೆ, ಆ ಜಾಲದೊಂದಿಗೆ 2,000 ಎಂಬಿಪಿಎಸ್ ಮೀರಿ ವಿನಿಮಯವಿದ್ದಾಗ ಮಾತ್ರ ಹಣ ಕೊಟ್ಟ ಪೀರಿಂಗ್ ಲಾಭ. ಕಡಿಮೆಯಿದ್ದರೆ ಟ್ರಾನ್ಸಿಟ್ ಮೂಲಕವೇ ಬರಲಿ. ಟ್ರಾನ್ಸಿಟ್ ಬೆಲೆ ಸದಾ ಇಳಿಯುತ್ತಿರುವುದನ್ನೂ ಮರೆಯಬೇಡಿ. ಪೀರಿಂಗ್ ಅರ್ಥಶಾಸ್ತ್ರದ ಬಗ್ಗೆ ಬಹುಕಾಲ ಬರೆದ ವಿಲಿಯಂ ನಾರ್ಟನ್ ಸಂಗ್ರಹಿಸಿದ ಅಂಕಿಗಳಲ್ಲಿ, ಅಮೆರಿಕದಲ್ಲಿ 1998ರಲ್ಲಿ ಎಂಬಿಪಿಎಸ್‌ಗೆ ಸುಮಾರು 1,200 ಡಾಲರ್ ಇದ್ದದ್ದು 2010ಕ್ಕೆ 5 ಡಾಲರಿಗೆ ಬಂದಿತ್ತು. ಮೂರು ವರ್ಷಗಳ ಒಪ್ಪಂದಕ್ಕೆ ಇಂದಿನ ಬೆಲೆಯಲ್ಲಿ ಸಹಿ ಹಾಕುವುದು ಈ ಕಾರಣಕ್ಕೆ ಅಪಾಯ.

ನಿಮ್ಮ ಕೈಯಲ್ಲಿ ಮಾರಬಹುದಾದ ಒಂದು ವಸ್ತುವೂ ಇದೆ. ಟ್ರಾನ್ಸಿಟ್ ಬಿಲ್ಲು ಸಾಮಾನ್ಯವಾಗಿ ಒಳಬರುವ ಮತ್ತು ಹೊರಹೋಗುವ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಬರುತ್ತದೆ. ನೀವು ಒಳಬರುವ 20ಕ್ಕೆ ತೆರುತ್ತಿದ್ದೀರಿ. ಹೊರಹೋಗುವ ದಿಕ್ಕಿನಲ್ಲಿ 18 ಗಿಗಾಬಿಟ್ ಖಾಲಿ ಬಿದ್ದಿದೆ. ನಿಮ್ಮ ಜಿಲ್ಲೆಯ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳ ಸರ್ವರುಗಳನ್ನು ನಿಮ್ಮಲ್ಲಿ ಇರಿಸಿಕೊಂಡರೆ, ಅವುಗಳ ಟ್ರಾಫಿಕ್ ಹೊರಗೆ ಹೋಗಲು ನಿಮಗೆ ಹೆಚ್ಚುವರಿ ಬ್ಯಾಂಡ್‌ವಿಡ್ತ್ ಖರ್ಚು ಬೀಳುವುದಿಲ್ಲ. ದೊಡ್ಡ ದೇಶಗಳಲ್ಲಿ ಮನೆ ಸಂಪರ್ಕದ ಕಂಪನಿಗಳು ಇದೇ ಖಾಲಿ ದಿಕ್ಕನ್ನು ಅಗ್ಗಕ್ಕೆ ಮಾರಿ, ಅನುಪಾತವನ್ನೂ ತಿದ್ದಿಕೊಂಡವು. ಕರೆಂಟಿಗೂ ಜನರೇಟರಿಗೂ ಒಂದಿಷ್ಟು ಖರ್ಚಾಗುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಿ.

ಕೊನೆಗೂ ಹಣ ಕೊಟ್ಟು ಪೀರಿಂಗ್ ಮಾಡಿಕೊಳ್ಳುವುದೇ ಸರಿಯೆನಿಸಿದರೆ ಕರಾರಿನ ಎರಡು ಅಂಶಗಳನ್ನು ಎಚ್ಚರದಿಂದ ಓದಿ. ಮೊದಲನೆಯದು ಅಳತೆ. ಐದು ನಿಮಿಷಕ್ಕೊಮ್ಮೆ ಅಳೆದು, ಅತಿ ಹೆಚ್ಚಿನ ಶೇಕಡಾ 5ರಷ್ಟನ್ನು ಬಿಟ್ಟು ಉಳಿದುದರ ಗರಿಷ್ಠಕ್ಕೆ ಬಿಲ್ಲು ಮಾಡುವುದು ರೂಢಿ. 30 ದಿನಗಳ ತಿಂಗಳಲ್ಲಿ 8,640 ಅಳತೆಗಳಾಗುತ್ತವೆ, ಅದರಲ್ಲಿ 432, ಅಂದರೆ ಒಟ್ಟು 36 ಗಂಟೆಗಳಷ್ಟು ತುತ್ತತುದಿಯ ಬಳಕೆ ಬಿಲ್ಲಿನಿಂದ ಹೊರಗುಳಿಯುತ್ತದೆ. ಐಪಿಎಲ್ ಫೈನಲ್ಲಿನ ರಾತ್ರಿ ಇದರಲ್ಲಿ ಅಡಗಿಹೋಗುತ್ತದೆ. ಪ್ರತಿದಿನ ಸಂಜೆಯ ಮೂರು ಗಂಟೆಗಳ ಏರಿಕೆ ಅಡಗುವುದಿಲ್ಲ. ಅನುಪಾತದ ಷರತ್ತು ಉಳಿದಿದ್ದರೆ ಅದನ್ನು ಈ ಅಳತೆಯಿಂದ ಲೆಕ್ಕಹಾಕುತ್ತಾರೋ ತಿಂಗಳ ಒಟ್ಟು ಪ್ರಮಾಣದಿಂದಲೋ ಎಂಬುದನ್ನು ಬರೆಸಿಕೊಳ್ಳಿ, ಏಕೆಂದರೆ ಒಳಹರಿವಿನ ತುದಿ ಸಂಜೆಯಲ್ಲಿಯೂ ಹೊರಹರಿವಿನ ತುದಿ ರಾತ್ರಿಯ ಬ್ಯಾಕಪ್ ಹೊತ್ತಿನಲ್ಲಿಯೂ ಇದ್ದರೆ ಎರಡು ಲೆಕ್ಕಗಳಿಂದ ಎರಡು ಅನುಪಾತಗಳು ಬರುತ್ತವೆ.

ಎರಡನೆಯದು ಪೋರ್ಟು ತುಂಬಿದಾಗ ಏನಾಗಬೇಕು ಎಂಬುದು. ಬಳಕೆ ಶೇಕಡಾ 70 ದಾಟಿದ ಇಷ್ಟು ದಿನಗಳೊಳಗೆ ಇಬ್ಬರೂ ಸಾಮರ್ಥ್ಯ ಹೆಚ್ಚಿಸತಕ್ಕದ್ದು, ಹೆಚ್ಚಿಸದಿದ್ದರೆ ಮಾಸಿಕ ಮೊತ್ತ ಇಷ್ಟು ಕಡಿತವಾಗತಕ್ಕದ್ದು ಎಂಬ ವಾಕ್ಯ ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಸಹಿ ಹಾಕಿದಮೇಲೂ ಆ ಜಾಲದ ಮಾರ್ಗಗಳನ್ನು ಪೂರ್ತಿಯಾಗಿ ಹೊರಬಲ್ಲ ಇನ್ನೊಂದು ಟ್ರಾನ್ಸಿಟನ್ನು, ಬೇರೆ ಕಂಪನಿಯಿಂದ, ಬೇರೆ ಫೈಬರ್ ದಾರಿಯಲ್ಲಿ ಚಾಲ್ತಿಯಲ್ಲಿಡಿ. ಮುಂದಿನ ವರ್ಷ ದರ ಪರಿಷ್ಕರಣೆಗೆ ಅವರು ಕೂತಾಗ ನಿಮ್ಮ ಪರವಾಗಿ ಮಾತಾಡುವುದು ಆ ಎರಡನೆಯ ದಾರಿಯೇ.